ಅಮೆರಿಕದ ‘ಕೊನೇ ಪೆನ್ನಿ’ ಸ್ಮರಣೆ ನಾಣ್ಯ, ಚಿನ್ನದ ಲೇಪದ್ದು: ತಗೊಳ್ಳಲಾ, ಬೇಡವಾ?

ಹೊರಪೇಟೆ ದಿನಸಿ:
ಎಲ್ಲರಿಗೂ ನಮಸ್ಕಾರ. ತುಮಕೂರು ಹೊರಪೇಟೆಯಲ್ಲಿ ನಮ್ಮದು ದಿನಸಿ ಅಂಗಡಿ. ನಾಣ್ಯದ ಹುಚ್ಚು ಹಿಡಿದು ಎರಡು ವರ್ಷ ಆಯಿತು, ಇನ್ನೂ ಅಂಬೆಗಾಲು. ಒಂದು ಸಲಹೆ ಬೇಕಿತ್ತು.

ಅಮೆರಿಕದವರು ಒಂದು ಸೆಂಟಿನ ನಾಣ್ಯ, ಅದೇ ಪೆನ್ನಿ, ಅಚ್ಚು ಹಾಕುವುದನ್ನು ನಿಲ್ಲಿಸಿದರಲ್ಲ. ನನ್ನ ಭಾವಮೈದ ಅಲ್ಲೇ ಇದ್ದಾನೆ. ಮೊನ್ನೆ ಒಂದು ಜಾಹೀರಾತು ಕಳಿಸಿದ. ಅಂಗೈಯಗಲದ ನಾಣ್ಯ. ಒಂದು ಕಡೆ ಲಿಂಕನ್ ಮುಖ, ಇನ್ನೊಂದು ಕಡೆ ಪೆನ್ನಿಗೆ ವಿದಾಯ ಅನ್ನೋ ಅರ್ಥದ ಬರಹ. 24 ಕ್ಯಾರೆಟ್ ಚಿನ್ನದ ಲೇಪ. ನಂಬರ್ ಹಾಕಿದ ಸರ್ಟಿಫಿಕೇಟು, ನೀಲಿ ಮಖಮಲ್ಲಿನ ಡಬ್ಬಿ. ಬೆಲೆ 39 ಡಾಲರ್ 99 ಸೆಂಟ್, ಕಳಿಸುವ ಖರ್ಚು 8 ಡಾಲರ್. ನಮ್ಮ ಲೆಕ್ಕಕ್ಕೆ ನಾಲ್ಕು ಸಾವಿರದ ಮುನ್ನೂರರ ಹತ್ತಿರ. ‘ಒಬ್ಬರಿಗೆ ಐದೇ’ ಅಂತ ಬೇರೆ ಹಾಕಿದ್ದಾರೆ.

ಮನೆಯವಳು “ಆ ದುಡ್ಡಿಗೆ ಬೆಳ್ಳಿ ಕುಂಕುಮದ ಬಟ್ಟಲು ಬರುತ್ತೆ” ಅಂತಾಳೆ. ತಿಳಿದವರು ಹೇಳಿ. ತಗೊಳ್ಳಲಾ, ಬೇಡವಾ?

ಕ್ಯಾತ್ಸಂದ್ರ ತಟ್ಟೆ:
ಒಂದು ಸೆಂಟು ನಿಂತುಹೋದ ನೆನಪಿಗೆ ಮಾಡಿದ ನಾಣ್ಯಕ್ಕೆ 39 ಡಾಲರ್ 99 ಸೆಂಟಾ? 40 ಡಾಲರ್ ಕೊಟ್ಟರೆ ಉಳಿದ ಒಂದು ಸೆಂಟು ಚಿಲ್ಲರೆ ಎಲ್ಲಿಂದ ತರ್ತಾರೆ ಗುರು?

ಹೊರಪೇಟೆ ದಿನಸಿ:
ನಗಬೇಡಿ ಸ್ವಾಮಿ, ನಿಜವಾಗ್ಲೂ ಕೇಳ್ತಾ ಇದೀನಿ.

ಗುಬ್ಬಿ ಮೇಷ್ಟ್ರು:
ದಿನಸಿಯವರೇ, ಮೊದಲು ನಿಮ್ಮ ಮನೆಯವರ ಮಾತು ಕೇಳಿ. ಆಮೇಲೆ ನನ್ನದು.

ಈ ಪೆನ್ನಿ ವಿಷಯದಲ್ಲಿ ಮೂರು ಬೇರೆ ಬೇರೆ ಸಾಮಾನುಗಳು ಒಂದೇ ಹೆಸರಲ್ಲಿ ಓಡಾಡುತ್ತಿವೆ. ಅದನ್ನು ಬಿಡಿಸಿಕೊಂಡರೆ ಅರ್ಧ ಗೊಂದಲ ಹೋಗುತ್ತೆ.

ಒಂದು, ನಿಜವಾದ ಕೊನೇ ನಾಣ್ಯಗಳು. 2025ರ ನವೆಂಬರ್ 12ರಂದು ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಚಲಾವಣೆಯ ಪೆನ್ನಿಗೆ ಕೊನೇ ಅಚ್ಚು ಬಿತ್ತು. ಶುರುವಾಗಿದ್ದು 1793ರಲ್ಲಿ. ಅಂದರೆ 232 ವರ್ಷ. ಆ ಲೆಕ್ಕಕ್ಕೇ 232 ಸೆಟ್ ಮಾಡಿದರು. ಒಂದೊಂದು ಸೆಟ್ಟಿನಲ್ಲಿ ಮೂರು ನಾಣ್ಯ: ಫಿಲಡೆಲ್ಫಿಯಾದ್ದು ಒಂದು, ಡೆನ್ವರ್‌ದು ಒಂದು, 24 ಕ್ಯಾರೆಟ್ ಚಿನ್ನದ್ದು ಒಂದು. ಗ್ರೀಕ್ ಅಕ್ಷರಮಾಲೆಯ ಕೊನೇ ಅಕ್ಷರ ಒಮೇಗಾ ಇದೆಯಲ್ಲ, ಅದನ್ನು ಗುರುತಾಗಿ ಒತ್ತಿದ್ದಾರೆ. ಡಿಸೆಂಬರಿನಲ್ಲಿ ಹರಾಜಾಯಿತು. ಎಲ್ಲ ಸೇರಿ 1 ಕೋಟಿ 67 ಲಕ್ಷ ಡಾಲರಿಗೂ ಮೇಲೆ. ಕಟ್ಟಕಡೆಯ ಸೆಟ್ಟಿಗೆ, ಅಚ್ಚಿನ ಮೊಳೆಗಳೂ ಸೇರಿ, 8 ಲಕ್ಷ ಡಾಲರ್. ನಮ್ಮ ದುಡ್ಡಲ್ಲಿ ಏಳು ಕೋಟಿ. ಅದು ನಮ್ಮಂಥವರ ಮಾತಲ್ಲ, ಬಿಡಿ.

ಎರಡು, ಸರ್ಕಾರಿ ಟಂಕಸಾಲೆಯೇ ಸಂಗ್ರಹಕ್ಕೆ ಅಂತ ಮಾಡಿ ಮಾರುವ ನಾಣ್ಯ. ಕೆನಡಾದವರು 2012ರಲ್ಲಿ ಪೆನ್ನಿ ನಿಲ್ಲಿಸಿದಾಗ ಅವರ ಟಂಕಸಾಲೆ ಬೆಳ್ಳಿಯಲ್ಲಿ, ಚಿನ್ನದಲ್ಲಿ ಬೀಳ್ಕೊಡುಗೆ ನಾಣ್ಯ ಮಾಡಿತು. ಇದಕ್ಕೆ ತೂಕ ಇದೆ, ಲೋಹದ ಶುದ್ಧತೆ ಬರೆದಿರುತ್ತೆ, ಮುಖಬೆಲೆ ಇರುತ್ತೆ. ಹಿಂದೆ ಒಂದು ದೇಶ ನಿಂತಿರುತ್ತೆ.

ಮೂರು, ನಿಮಗೆ ಬಂದ ಜಾಹೀರಾತು. ಅದು ನಾಣ್ಯವೇ ಅಲ್ಲ, ಬಿಲ್ಲೆ. ಯಾವುದೋ ಖಾಸಗಿ ಕಂಪನಿ ಒತ್ತಿದ ಪದಕ. ಜಾಹೀರಾತಿನ ಚಿತ್ರ ದೊಡ್ಡದು ಮಾಡಿ ನೋಡಿ, ‘ಒಂದು ಸೆಂಟ್’ ಅಂತ ಮುಖಬೆಲೆ ಇದೆಯಾ? ತೂಕ ಎಷ್ಟು ಗ್ರಾಂ ಅಂತ ಇದೆಯಾ? ಇರಲ್ಲ. ‘ಚಿನ್ನದ ಲೇಪ’ ಅಂದರೆ ನಮ್ಮ ಚಿಕ್ಕಪೇಟೆಯ ಒಂದು ಗ್ರಾಂ ಚಿನ್ನದ ಸರ ನೋಡಿಲ್ವಾ, ಅದಕ್ಕಿಂತ ತೆಳು. ಕೆರೆದರೆ ಉಗುರಿಗೂ ಅಂಟಲ್ಲ. ನಂಬರ್ ಹಾಕಿದ ಸರ್ಟಿಫಿಕೇಟು ಅಂದಿರಿ. ಎಷ್ಟರಲ್ಲಿ ಎಷ್ಟನೆಯದು ಅಂತ ಇದೆಯಾ ನೋಡಿ. ‘ಒಬ್ಬರಿಗೆ ಐದೇ’ ಅನ್ನೋದು ಮಿತಿ ಅಲ್ಲ, ಐದು ತಗೊಳ್ಳಿ ಅನ್ನೋ ಒತ್ತಾಯ.

ಕಾಸಿಗೆ ತಕ್ಕ ಕಜ್ಜಾಯ ಅಂತಾರೆ. ಇಲ್ಲಿ ಕಜ್ಜಾಯವೂ ಇಲ್ಲ, ಬರೀ ಡಬ್ಬಿ.

ಶಿರಾ ಗೇಟ್:
ಮೇಷ್ಟ್ರೇ, ಒಂದು ಮಾತು. ಎಲ್ಲದಕ್ಕೂ ಆಮೇಲೆ ಮಾರಿದರೆ ಎಷ್ಟು ಬರುತ್ತೆ ಅಂತ ಯಾಕೆ ನೋಡಬೇಕು? ಹೊಸ ಸಂಸತ್ ಭವನದ 75 ರೂಪಾಯಿ ನಾಣ್ಯ ನಾನು ಇಟ್ಟಿದೀನಿ. 35 ಗ್ರಾಂ, ಅರ್ಧ ಬೆಳ್ಳಿ, 44 ಮಿಲಿಮೀಟರ್ ಅಗಲ. ಅಂಗಡಿಯಲ್ಲಿ ಯಾರೂ ತಗೊಳ್ಳಲ್ಲ, ಬಸ್ಸಲ್ಲಿ ಕೊಟ್ಟರೆ ಕಂಡಕ್ಟರ್ ಬೈತಾನೆ. ಆದರೂ ತೆಗೆದು ನೋಡೋಕೆ ಖುಷಿ. ಅಷ್ಟಕ್ಕೇ ಬೆಲೆ ಇಲ್ವಾ?

ಗುಬ್ಬಿ ಮೇಷ್ಟ್ರು:
ಇದೆ, ಖಂಡಿತ ಇದೆ. ನನ್ನ ಹತ್ತಿರವೂ ರಿಸರ್ವ್ ಬ್ಯಾಂಕಿಗೆ 90 ವರ್ಷ ಆದಾಗ ತಂದ 90 ರೂಪಾಯಿದು ಇದೆ. 40 ಗ್ರಾಂ ಅಪ್ಪಟ ಬೆಳ್ಳಿ. ನೀವು ತಗೊಂಡಿದ್ದು ನಮ್ಮ ಟಂಕಸಾಲೆಯಿಂದ. ಏನು ತಗೊಂಡೆ ಅಂತ ನಿಮಗೆ ಗ್ರಾಂ ಲೆಕ್ಕದಲ್ಲಿ ಗೊತ್ತು. ಇವರಿಗೆ ಬಂದಿರೋದು ಅದಲ್ಲ. ನಾನು ಬೇಡ ಅಂದಿದ್ದು ಸ್ಮರಣೆ ನಾಣ್ಯಗಳನ್ನಲ್ಲ, ಆ ಬಿಲ್ಲೆಯನ್ನ.

ಬಂಗಾರಪೇಟೆ ಟು ಬ್ರ್ಯಾಂಪ್ಟನ್:
ಕೋಲಾರದ ಕಡೆಯವನು, ಈಗ ಕೆನಡಾದಲ್ಲಿ. ಇಲ್ಲಿನದು ಸ್ವಲ್ಪ ಹೇಳ್ತೀನಿ.

2012ರ ಮೇ 4ಕ್ಕೆ ವಿನ್ನಿಪೆಗ್‌ನಲ್ಲಿ ಕೊನೇ ಪೆನ್ನಿ ಅಚ್ಚಾಯಿತು. ಒಂದು ಸೆಂಟಿನ ನಾಣ್ಯ ಮಾಡೋಕೆ 1.6 ಸೆಂಟ್ ಖರ್ಚಾಗ್ತಿತ್ತು. 2013ರ ಫೆಬ್ರವರಿ 4ರಿಂದ ಬ್ಯಾಂಕುಗಳಿಗೆ ಹಂಚುವುದೂ ನಿಂತಿತು. ಈಗ ನಗದು ಕೊಟ್ಟರೆ ಒಟ್ಟು ಬಿಲ್ಲನ್ನು ಹತ್ತಿರದ ಐದು ಸೆಂಟಿಗೆ ಸರಿ ಮಾಡ್ತಾರೆ. ಕೊನೆಯಲ್ಲಿ 1, 2 ಬಂದರೆ ಕೆಳಗೆ, 3, 4 ಬಂದರೆ ಮೇಲೆ ಐದಕ್ಕೆ. 6, 7 ಬಂದರೆ ಐದಕ್ಕೆ ಇಳಿಯುತ್ತೆ, 8, 9 ಬಂದರೆ ಹತ್ತಕ್ಕೆ ಏರುತ್ತೆ. ಕಾರ್ಡಲ್ಲಿ ಕೊಟ್ಟರೆ ಮಾತ್ರ ಪೈಸೆ ಬಿಡದೆ ತಗೋತಾರೆ. ಹಾಗಾಗಿ ನನ್ನ ಹೆಂಡತಿ ಬಿಲ್ ನೋಡಿ ನಗದೋ ಕಾರ್ಡೋ ಅಂತ ನಿರ್ಧಾರ ಮಾಡ್ತಾಳೆ. ವರ್ಷಕ್ಕೆ ಒಂದು ಕಾಫಿ ದುಡ್ಡಾದರೂ ಉಳಿದಿರಬೇಕು.

ಆಸ್ಟ್ರೇಲಿಯಾದವರು ಇನ್ನೂ ಬುದ್ಧಿವಂತರು. 1, 2 ಸೆಂಟಿನ ನಾಣ್ಯ ವಾಪಸ್ ತಗೊಂಡು ಕರಗಿಸಿ, ಅದೇ ಲೋಹದಲ್ಲಿ ಸಿಡ್ನಿ ಒಲಿಂಪಿಕ್ಸಿನ ಕಂಚಿನ ಪದಕ ಮಾಡಿದರು. ಸ್ಮರಣೆ ಅಂದರೆ ಅದು!

ಕ್ಯಾತ್ಸಂದ್ರ ತಟ್ಟೆ:
ನಮ್ಮಲ್ಲಿ ಇದಕ್ಕೆಲ್ಲ ಕಾನೂನೇ ಬೇಕಾಗಲಿಲ್ಲ. ಚಿಲ್ಲರೆ ಇಲ್ಲ ಅಂದರೆ ಚಾಕಲೇಟ್ ಕೈಗಿಡ್ತಿದ್ದರು. ದಿನಸಿಯವರೇ, ನಿಮಗೆ ಗೊತ್ತಿರಬೇಕಲ್ಲ?

ಹೊರಪೇಟೆ ದಿನಸಿ:
ಗೊತ್ತು ಸ್ವಾಮಿ. ಚಾಕಲೇಟ್ ಡಬ್ಬಿ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ಇತ್ತು. ಒಬ್ಬ ಅಜ್ಜಿ ಒಂದು ತಿಂಗಳು ಆ ಚಾಕಲೇಟೆಲ್ಲ ಕೂಡಿಟ್ಟು, ಒಂದು ದಿನ ಸೆರಗಿನ ಗಂಟಿಂದ ತೆಗೆದು, “ಇದಕ್ಕೆ ಬೆಲ್ಲ ಕೊಡಪ್ಪ” ಅಂದರು. ಅಪ್ಪ ಮಾತಾಡದೆ ತೂಗಿ ಕೊಟ್ಟರು. ಮಾರನೆ ದಿನ ಡಬ್ಬಿ ಒಳಗೆ ಹೋಯಿತು.

ನಾಣ್ಯ ನಿಧಿ 25:
ಅಮೆರಿಕದ್ದು ಯಾಕೆ ಸರ್? ನಿಮ್ಮ ಹತ್ತಿರ ಖಡ್ಗಮೃಗದ 25 ಪೈಸೆ ಇದ್ದರೆ ಲಕ್ಷಾಧಿಪತಿ. ಯೂಟ್ಯೂಬಲ್ಲಿ ನೋಡಿ, ಒಂದೊಂದಕ್ಕೆ ಒಂದೂವರೆ ಲಕ್ಷ ಕೊಡ್ತಾರೆ. ಫೋಟೋ ಹಾಕಿ ರಿಜಿಸ್ಟರ್ ಮಾಡಿಸಿದರೆ ಆಯಿತು.

ಗುಬ್ಬಿ ಮೇಷ್ಟ್ರು:
ದಯವಿಟ್ಟು ಬೇಡ. ಆ ಖಡ್ಗಮೃಗದ ನಾಲ್ಕಾಣೆ 1988ರಿಂದ 2002ರವರೆಗೆ ವರ್ಷಾವರ್ಷ ರಾಶಿ ರಾಶಿ ಬಂದಿದ್ದು. ಸಂತೆಯಲ್ಲಿ ಬೊಗಸೆ ಲೆಕ್ಕದಲ್ಲಿ ಕೊಡ್ತಾರೆ.

ನಮ್ಮ ಷಡ್ಡಕರಿಗೆ ಹೀಗೇ ಆಯಿತು. ವಿಡಿಯೋ ನೋಡಿ ಒಂದು ನಂಬರಿಗೆ ಫೋಟೋ ಕಳಿಸಿದರು. “ಎರಡು ಲಕ್ಷಕ್ಕೆ ಗಿರಾಕಿ ಇದಾರೆ, ಮೊದಲು ನೋಂದಣಿ ಶುಲ್ಕ ಕಟ್ಟಿ” ಅಂದರು. ಕಟ್ಟಿದರು. ಆಮೇಲೆ ಜಿಎಸ್‌ಟಿ ಅಂದರು, ಅದೂ ಕಟ್ಟಿದರು. ರಿಸರ್ವ್ ಬ್ಯಾಂಕಿನ ಮುದ್ರೆ ಇರೋ ಕಾಗದ ಬೇರೆ ವಾಟ್ಸಾಪಲ್ಲಿ ಬಂತು. ಒಟ್ಟು ಏಳೂವರೆ ಸಾವಿರ ಹೋಯಿತು. ಆ ನಂಬರ್ ಈಗಲೂ ರಿಂಗಾಗುತ್ತೆ, ಎತ್ತೋರಿಲ್ಲ. ಹಳೇ ನಾಣ್ಯದ ವ್ಯವಹಾರಕ್ಕೆ ನಾವು ಯಾರಿಂದಲೂ ಶುಲ್ಕ, ಕಮಿಷನ್ ಕೇಳಲ್ಲ, ಕೇಳೋಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟಿದೆ. ಮಾರುವವನು ದುಡ್ಡು ಕಟ್ಟೋ ವ್ಯಾಪಾರ ಎಲ್ಲಿಯಾದರೂ ಉಂಟಾ?

ಕ್ಯಾಷ್ ಕೌಂಟರ್ ನಿವೃತ್ತ:
ನಾಲ್ಕಾಣೆ ಮಾತು ಬಂತಲ್ಲ, ನನ್ನದೊಂದು ಕಥೆ. ಜಿಲ್ಲೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಕ್ಯಾಷಿಯರ್ ಆಗಿದ್ದೆ.

25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ 30ರಿಂದ ನಡೆಯಲ್ಲ ಅಂತ 2010ರ ಡಿಸೆಂಬರಿನಲ್ಲೇ ಆದೇಶ ಬಂದಿತ್ತು. ಸಣ್ಣ ನಾಣ್ಯದ ಡಿಪೋ ಇರೋ ಶಾಖೆಗಳಲ್ಲಿ ಜೂನ್ 29ರ ಸಂಜೆವರೆಗೆ ಬದಲಾಯಿಸಿಕೊಡಬೇಕು. ಆರು ತಿಂಗಳು ಯಾರೂ ತಿರುಗಿ ನೋಡಲಿಲ್ಲ. ಕೊನೇ ವಾರ ಶುರುವಾಯಿತು ನೋಡಿ. ಕುಡಿಕೆ, ಸ್ಟೀಲ್ ಡಬ್ಬಿ, ದಿಂಬಿನ ಚೀಲ. ಒಂದು ದೇವಸ್ಥಾನದವರು ಹುಂಡಿಯದ್ದೆಲ್ಲ ಎರಡು ಗೋಣಿಚೀಲದಲ್ಲಿ ಆಟೋದಲ್ಲಿ ತಂದರು. ಅರಿಶಿನ, ಕುಂಕುಮ, ಕರ್ಪೂರದ ವಾಸನೆ. ಕೌಂಟರೆಲ್ಲ ಕೆಂಪು.

ಎಣಿಸೋದು ಯಾರು? ನಾನು ಜಾಣತನ ಮಾಡಿದೆ. ಸ್ಟೀಲಿನ ನಾಲ್ಕಾಣೆ ಒಂದಕ್ಕೆ 2.83 ಗ್ರಾಂ. ನೂರಕ್ಕೆ 283 ಗ್ರಾಂ. ಸಾವಿರ ರೂಪಾಯಿ ಅಂದರೆ 4,000 ನಾಣ್ಯ, 11 ಕಿಲೋ 320 ಗ್ರಾಂ. ಪಕ್ಕದ ಅಂಗಡಿಯಿಂದ ತಕ್ಕಡಿ ತರಿಸಿದೆ. ತೂಗಿದೆವು. ಪರೀಕ್ಷೆಗೆ ಅಂತ ಒಂದು ರಾಶಿ ಎಣಿಸಿದರೆ ಲೆಕ್ಕ ಸೇರ್ತಾನೇ ಇಲ್ಲ. ಆಮೇಲೆ ಹೊಳೆಯಿತು. ಅದರಲ್ಲಿ ಹಳೇ ತಾಮ್ರ-ನಿಕಲ್ ನಾಲ್ಕಾಣೆಯೂ ಬೆರೆತಿದೆ, ಅದು ಎರಡೂವರೆ ಗ್ರಾಂ ಅಷ್ಟೇ. ಅಗಲ ಎರಡಕ್ಕೂ ಒಂದೇ, 19 ಮಿಲಿಮೀಟರ್. ಕಣ್ಣಲ್ಲಿ ಬೇಗ ಗೊತ್ತಾಗಲ್ಲ.

ನಮ್ಮ ಅಟೆಂಡರ್ ಹಳೇ ಸ್ಪೀಕರಿನ ಆಯಸ್ಕಾಂತ ತಂದ. ಸ್ಟೀಲಿನದು ಟಕ್ ಅಂತ ಅಂಟಿತು, ತಾಮ್ರ-ನಿಕಲ್ ಕೆಳಗೇ ಉಳಿಯಿತು. ಹುತ್ತದಿಂದ ಗೆದ್ದಲು ಎದ್ದ ಹಾಗೆ ಆಯಸ್ಕಾಂತದ ತುಂಬ ಖಡ್ಗಮೃಗ. ರಾತ್ರಿ ಒಂಬತ್ತೂವರೆಗೆ ಮುಗಿಯಿತು. ಮನೆಗೆ ಹೋದರೆ ಕೈ ತೊಳೆದಷ್ಟೂ ಕೆಂಪು ನೀರು.

ಅಮೆರಿಕದವರ ಪೆನ್ನಿಗೆ ಚಿನ್ನದ ಸೆಟ್ಟು, ಹರಾಜು, ಟೀವಿ. ನಮ್ಮ ನಾಲ್ಕಾಣೆಗೆ ಒಂದು ಹಾರ ಹಾಕಿದವರೂ ಇಲ್ಲ.

ಗುಬ್ಬಿ ಮೇಷ್ಟ್ರು:
ಸರ್, ನಿಮ್ಮ ಆಯಸ್ಕಾಂತಕ್ಕೆ ನನ್ನ ನಮಸ್ಕಾರ.

ಒಂದು ಸೇರಿಸ್ತೀನಿ. ನಾಲ್ಕಾಣೆ ಅನ್ನೋ ಹೆಸರು ನಾಣ್ಯಕ್ಕಿಂತ ಹಳೆಯದು. ರೂಪಾಯಿಗೆ 16 ಆಣೆ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂದು ರೂಪಾಯಿಗೆ 100 ಆಯಿತು. ಒಂದು ಆಣೆ ಅಂದರೆ ಆರೂಕಾಲು ಪೈಸೆ. ಕಾಲು ಪೈಸೆ ಎಲ್ಲಿಂದ ತರೋದು? ಹಾಗಾಗಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ ಸರಿಯಾಗಿ 25 ಅಂತ ಪಟ್ಟಿ ಮಾಡಿದರು. ನಮ್ಮ ತಂದೆ ಹೇಳ್ತಿದ್ದರು: ಗುಬ್ಬಿ ಸಂತೆಯಲ್ಲಿ ಮೂರಾಣೆ ಸಾಮಾನನ್ನ ಒಂದೊಂದಾಣೆದಾಗಿ ಮೂರು ಸಲ ಕೊಂಡರೆ ಗಿರಾಕಿಗೆ ಒಂದು ಪೈಸೆ ಲಾಭ. ಅಂಗಡಿಯವರು ಕೂಗಾಡ್ತಿದ್ದರಂತೆ. ಬ್ರ್ಯಾಂಪ್ಟನ್ನಿನವರ ಮನೆಯವರ ಲೆಕ್ಕಾಚಾರ ನಮ್ಮವರು ಆಗಲೇ ಮಾಡಿಬಿಟ್ಟಿದ್ದರು. ನಾಲ್ಕಾಣೆ, ಎಂಟಾಣೆ ಮಾತ್ರ ಜಗಳ ಇಲ್ಲದೆ ಕೂಡಿಕೊಂಡವು. ಅದಕ್ಕೇ ಆ ಹೆಸರು ಉಳಿಯಿತು ಅಂತ ನನಗೆ ಅನಿಸುತ್ತೆ.

ತಿಪಟೂರು ಕೊಬ್ಬರಿ:
ನಮ್ಮಮ್ಮನ ಹತ್ತಿರ ಕಮಲದ ಹೂವಿನ 20 ಪೈಸೆ 11 ಇವೆ. ಹಳದಿ ಬಣ್ಣ, 1968, 1970ರವು. ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಮುಂದೆ ಇಡ್ತಾರೆ. ಅದರಲ್ಲಿ ಚಿನ್ನ ಬೆರೆಸಿದಾರೆ ಅಂತ ಅಜ್ಜಿ ಹೇಳ್ತಿದ್ದರಂತೆ. ನಿಜಾನಾ ಮೇಷ್ಟ್ರೇ? ಪ್ರತಿ ವರ್ಷ ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡ್ತೀವಿ.

ಗುಬ್ಬಿ ಮೇಷ್ಟ್ರು:
ಅಯ್ಯೋ! ಹುಣಸೆಹಣ್ಣಾ!

ಚಿನ್ನ ಇಲ್ಲಮ್ಮ, ಹಿತ್ತಾಳೆ ಥರದ ಮಿಶ್ರಲೋಹ. ಬಣ್ಣ ನೋಡಿ ಜನ ಕಥೆ ಕಟ್ಟಿದರು. ಮತ್ತೆ, ಸಂಗ್ರಹದ ನಾಣ್ಯವನ್ನ ಯಾವತ್ತೂ ಉಜ್ಜಬಾರದು. ಹುಣಸೆಹಣ್ಣು, ನಿಂಬೆಹಣ್ಣು, ಬೂದಿ, ಹಲ್ಲುಪುಡಿ ಯಾವುದೂ ಬೇಡ. ಮೇಲಿನ ಪದರ ಹೋದರೆ ಅಕ್ಷರದ ಅಂಚು ಮೊಂಡಾಗುತ್ತೆ. ಅಗ್ಗದ ಪ್ಲಾಸ್ಟಿಕ್ ಪಾಕೀಟಲ್ಲಿ ಇಟ್ಟರೂ ವರ್ಷಗಳಲ್ಲಿ ಹಸಿರು ಜಿಗುಟು ಹತ್ತುತ್ತೆ. ಒಣಗಿದ ಕಾಗದದ ಲಕೋಟೆ ಸಾಕು. ಹಿಡಿಯೋವಾಗ ಅಂಚಲ್ಲಿ ಹಿಡೀಬೇಕು, ಮುಖದ ಮೇಲೆ ಬೆರಳು ಬೇಡ.

ತಿಪಟೂರು ಕೊಬ್ಬರಿ:
ಅಮ್ಮನಿಗೆ ಓದಿ ಹೇಳಿದೆ. “ಲಕ್ಷ್ಮಿ ಮುಂದೆ ಕಿಲುಬು ಹಿಡಿದ ಕಾಸು ಇಡೋಕಾಗುತ್ತಾ? ನಿಮ್ಮ ಮೇಷ್ಟ್ರನ್ನ ಹಬ್ಬಕ್ಕೆ ಕರಿ, ನಾನೇ ಹೇಳ್ತೀನಿ” ಅಂದರು.

ಗುಬ್ಬಿ ಮೇಷ್ಟ್ರು:
ಅಮ್ಮ ಹೇಳಿದ್ದೇ ಸರಿ. ಅದು ಪೂಜೆ ಸಾಮಾನು, ಸಂಗ್ರಹ ಅಲ್ಲ. ನಾನು ಸೋತೆ. ಹೋಳಿಗೆ ಇದ್ದರೆ ಬರ್ತೀನಿ.

ಹೊರಪೇಟೆ ದಿನಸಿ:
ಎರಡು ದಿನ ಈ ಕಡೆ ಬರಲಿಲ್ಲ, ಕ್ಷಮಿಸಿ. ಕ್ಯಾಷಿಯರ್ ಸರ್ ಕಥೆ ಓದಿದ ಮೇಲೆ ಅಂಗಡಿ ಅಟ್ಟ ಹತ್ತಿದೆ. ಹಳೇ ಲೆಕ್ಕದ ಪುಸ್ತಕಗಳ ಹಿಂದೆ ಒಂದು ಬಿಸ್ಕತ್ ಡಬ್ಬ ಇತ್ತು, ನಾನು ಚಿಕ್ಕವನಿದ್ದಾಗಿಂದ ನೋಡಿದ್ದೆ. ಮುಚ್ಚಳ ತುಕ್ಕು ಹಿಡಿದು ಕೂತುಬಿಟ್ಟಿತ್ತು. ಚಮಚದ ಹಿಡಿಯಲ್ಲಿ ಎಬ್ಬಿಸಿದೆ. ಒಳಗೆ ನಾಲ್ಕಾಣೆಗಳು. 2011ರಲ್ಲಿ ಅಪ್ಪ ಬ್ಯಾಂಕಿಗೆ ಕೊಡದೇ ಉಳಿಸಿದ್ದು. ಯಾಕಪ್ಪಾ ಅಂತ ಕೇಳಿದರೆ, “ಮುಂದೆ ತಿರುಗಿ ಬಿಡ್ತಾರೆ ಅಂದುಕೊಂಡಿದ್ದೆ” ಅಂದರು.

412 ನಾಣ್ಯ. ಅಂದರೆ 103 ರೂಪಾಯಿ. ಮಗಳ ಆಟದ ಸಾಮಾನಿನ ಆಯಸ್ಕಾಂತ ತಗೊಂಡೆ. 318 ಅಂಟಿದವು, 94 ಉಳಿದವು. ಖಡ್ಗಮೃಗದ್ದನ್ನ ಒಂದೊಂದಾಗಿ ಭೂತಗನ್ನಡಿಯಲ್ಲಿ ನೋಡಿದೆ. ಇಸವಿ ಕೆಳಗೆ ಚುಕ್ಕಿ ಇದ್ದರೆ ನೋಯ್ಡಾ, ನಕ್ಷತ್ರ ಇದ್ದರೆ ಹೈದರಾಬಾದ್, ವಜ್ರದ ಆಕಾರ ಇದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಸರಿ ತಾನೆ? ಮೆಣಸಿನಪುಡಿ ಪಾಕೀಟಿನ ಮೇಲೆ ಹೆಸರು ಬರೆದು ನಾಲ್ಕು ರಾಶಿ ಮಾಡಿದೆ. ಅಂಟದೇ ಉಳಿದವುಗಳಲ್ಲಿ ಒಂದು ಬೇರೆ ಥರ ಇತ್ತು, 1982ರ ಏಷ್ಯನ್ ಕ್ರೀಡಾಕೂಟದ್ದು. ಒಂದು 1985ರದು, ಅರಣ್ಯದ ಬಗ್ಗೆ.

ಮಧ್ಯದಲ್ಲಿ ಒಬ್ಬ ಗಿರಾಕಿ ಅರ್ಧ ಕಿಲೋ ಕಡಲೆಬೇಳೆ ಕೇಳಿದರು. ನನ್ನ ಕಿವಿಗೆ ಬೀಳಲೇ ಇಲ್ಲ. ಅಪ್ಪ ಬೈದರು. ಆಮೇಲೆ ಅವರೇ ಕನ್ನಡಕ ಹಾಕಿಕೊಂಡು ನಕ್ಷತ್ರದವನ್ನ ಆರಿಸೋಕೆ ಕೂತರು.

ಗುಬ್ಬಿ ಮೇಷ್ಟ್ರು:
ಟಂಕಸಾಲೆ ಗುರುತು ಸರಿಯಾಗಿದೆ. 1980ರದ್ದು, 1981ರದ್ದು ಇದೆಯಾ ನೋಡಿ. ಗ್ರಾಮೀಣ ಮಹಿಳೆಯರ ಏಳಿಗೆಗೆ ಒಂದು, ವಿಶ್ವ ಆಹಾರ ದಿನಕ್ಕೆ ಒಂದು ಬಂದಿತ್ತು. ಅವೆರಡೂ ಸಿಕ್ಕರೆ ನಾಲ್ಕಾಣೆಯ ಸ್ಮರಣೆ ನಾಣ್ಯಗಳು ನಾಲ್ಕೂ ಆಗುತ್ತೆ. ಬೆಲೆ ಜಾಸ್ತಿ ಏನಿಲ್ಲ, ಆದರೆ ಇವು ಡಬ್ಬಿಯಲ್ಲಿ ಕೂತ ಸ್ಮರಣೆ ಅಲ್ಲ. ಏಷ್ಯನ್ ಕ್ರೀಡಾಕೂಟದ ನಾಣ್ಯ ಕೊಟ್ಟು ಯಾರೋ ನಿಮ್ಮಂಗಡಿಯಲ್ಲಿ ಬೆಂಕಿಪೊಟ್ಟಣ ತಗೊಂಡಿದಾರೆ.

ಶಿರಾ ಗೇಟ್:
ನನ್ನ ಹತ್ತಿರ 1981ರದ್ದು ಎರಡಿದೆ. ಒಂದು ನಿಮಗೆ. ಶನಿವಾರ ಅಂಗಡಿಗೆ ಬರ್ತೀನಿ, ಹೇಗೂ ಅವರೆಬೇಳೆ ತಗೋಬೇಕು.

ಬಂಗಾರಪೇಟೆ ಟು ಬ್ರ್ಯಾಂಪ್ಟನ್:
ಹಾಗಾದರೆ ಚಿನ್ನದ ಲೇಪದ್ದು?

ಹೊರಪೇಟೆ ದಿನಸಿ:
ಬೇಡ ಅಂತ ಭಾವಮೈದನಿಗೆ ಹೇಳಿದೆ. ಮೇಷ್ಟ್ರು ಹೇಳಿದ ಹಾಗೆ ಚಿತ್ರ ದೊಡ್ಡದು ಮಾಡಿ ನೋಡಿದೆ. ಮುಖಬೆಲೆ ಇಲ್ಲ, ತೂಕ ಇಲ್ಲ. ಕೆಳಗೆ ಸೊಳ್ಳೆ ಗಾತ್ರದ ಅಕ್ಷರದಲ್ಲಿ ‘ಇದು ಸರ್ಕಾರದ ನಾಣ್ಯವಲ್ಲ’ ಅಂತ ಇತ್ತು.

ಮಾಮೂಲಿ ಪೆನ್ನಿಯೇ ಒಂದು ತಂದುಕೊಡೋ ಅಂದೆ. ಅವನು ಬಿದ್ದು ಬಿದ್ದು ನಕ್ಕ. “ಭಾವ, ಬಟ್ಟೆ ಒಗೆಯೋ ಕೋಣೆಯಲ್ಲಿ ಒಂದು ಜಾಡಿ ತುಂಬ ಇದೆ, ಎಷ್ಟು ಬೇಕು?” ಅಂದ. ಯುಗಾದಿಗೆ ಬರುವಾಗ ತರ್ತಾನೆ. ಬದಲಿಗೆ ಅವನಿಗೆ ಖಡ್ಗಮೃಗ ಬೇಕಂತೆ. ಒಂದಕ್ಕೊಂದು.

ಕ್ಯಾತ್ಸಂದ್ರ ತಟ್ಟೆ:
ಒಂದು ಸೆಂಟಿಗೆ ನಾಲ್ಕಾಣೆ. ವಿನಿಮಯ ದರ ನಮ್ಮ ಕಡೆಗೇ ಚೆನ್ನಾಗಿದೆ!

ಗುಬ್ಬಿ ಮೇಷ್ಟ್ರು:
ಅವರಿಗೆ ಹೇಳಿ, 2025ರ ಇಸವಿಯದು ಸಿಕ್ಕರೆ ಬೇರೆ ಎತ್ತಿಡಲಿ. 1982ಕ್ಕಿಂತ ಹಿಂದಿನದು ಸಿಕ್ಕರೂ ಬೇರೆ. ಅದರಲ್ಲಿ 95 ಭಾಗ ತಾಮ್ರ, ತೂಕ 3.11 ಗ್ರಾಂ. ಆಮೇಲಿನವು ಸತುವಿನ ಮೇಲೆ ತಾಮ್ರದ ತೆಳು ಹೊದಿಕೆ, ಎರಡೂವರೆ ಗ್ರಾಂ. ಅಡುಗೆಮನೆ ತಕ್ಕಡಿಯಲ್ಲೇ ಗೊತ್ತಾಗುತ್ತೆ. ಮುಖ್ಯವಾಗಿ, ತೊಳೆಯಬೇಡಿ ಅಂತ ಹೇಳಿ.

ಹೊರಪೇಟೆ ದಿನಸಿ:
ತಡವಾಯಿತು ಮೇಷ್ಟ್ರೇ. ಜಾಡಿಯಲ್ಲಿರೋದೆಲ್ಲ ಪ್ಯಾಂಟ್ ಜೇಬಿಂದ ವಾಷಿಂಗ್ ಮೆಷಿನ್ ಒಳಗೆ ಬಿದ್ದು ಸಿಕ್ಕಿದ್ದಂತೆ.